ಹತ್ತರವರೆಗೆ ಎಣಿಸು

ನಾಲ್ಕು ವಾರದ ಫೆಲೋಶಿಪ್ಪು, ಫಿನ್ಲೆಂಡಿನ ಔಲುವಿಗೆ.
ಮಾರ್ಚಿನಲ್ಲಿ ಬಾಗಲಕೋಟೆ ಮೂವತ್ತೊಂಬತ್ತು ಡಿಗ್ರಿ,
ಅಲ್ಲಿ ಸೊನ್ನೆಯ ಕೆಳಗೆ ಹನ್ನೊಂದು.
ಡೀನ್ ಸಾಹೇಬರು ಸಲಹೆ ಕೊಟ್ಟರು, ಸಹೋದ್ಯೋಗಿಗಳು ಸ್ವೆಟರ್,
ನಮ್ಮತ್ತೆ ಶೇಂಗಾ ಚಟ್ನಿಯ ಡಬ್ಬಿಗೆ ಎರಡು ಸಲ ದಾರ ಸುತ್ತಿದರು.

ಕಲಿಯಬೇಕಿದ್ದದ್ದು ಒಂದೇ: ಕೆಟ್ಟ ಸುದ್ದಿ ಹೇಳುವುದನ್ನು
ಹುಡುಗರಿಗೆ ಕಲಿಸುವುದು ಹೇಗೆ.
ಇಪ್ಪತ್ತೆರಡು ವರ್ಷದಿಂದ ನಾನೂ ಹೇಳಿದ್ದೇನೆ, ವಾರ್ಡಿನ ಬಾಗಿಲಾಚೆ ನಿಂತು,
ಅಳಿಯನಿಗೆ, ಮೈದುನನಿಗೆ,
ಒಮ್ಮೆ ಬಾಡಿಗೆ ಜೀಪಿನ ಡ್ರೈವರನಿಗೂ.
ರೋಗಿಯೊಬ್ಬರನ್ನು ಬಿಟ್ಟು.

ಅಲ್ಲಿ ನನಗೆ ಜೊತೆ ಐನೋ. ಮಾತು ಕಡಿಮೆ, ಕಾಫಿ ಜಾಸ್ತಿ.
ಅವಳ ತರಗತಿಯಲ್ಲಿ ರೋಗಿಯಾಗಿ ಕೂತವನು
ನಿವೃತ್ತ ಪೋಸ್ಟ್‌ಮನ್, ಗಂಟೆಗಿಷ್ಟೆಂದು ಕಾಯಿಲೆ ಬೀಳುವವನು.
“ಹೇಳು. ಆಮೇಲೆ ಸುಮ್ಮನಿರು. ಹತ್ತರವರೆಗೆ ಎಣಿಸು.”
ನಾನು ನಾಲ್ಕಕ್ಕೇ ಬಾಯಿಬಿಟ್ಟೆ.
ಮರುದಿನ ಆರಕ್ಕೆ.
ಮೂರನೆಯ ವಾರ ಹತ್ತು ಮುಟ್ಟಿದಾಗ
ಮಾಡಿನಿಂದ ಹಿಮ ಜಾರಿಬಿದ್ದ ಸದ್ದು ಕೇಳಿತು,
ಅಷ್ಟು ದಿನವೂ ಜಾರುತ್ತಿತ್ತಂತೆ.

ವಾಪಸು ಬಂದೆ. ನವನಗರದಲ್ಲಿ ಅಂಥ ರೋಗಿ ಎಲ್ಲಿ?
ಅಟೆಂಡರ್ ಹುಚ್ಚಪ್ಪ ಕರೆತಂದ ತಾರಾಬಾಯಿ ಕಮತಗಿಯವರನ್ನು.
ವಯಸ್ಸು ಎಪ್ಪತ್ತೊಂದು, ಮೂವತ್ತು ವರ್ಷ ನಾಟಕ ಕಂಪನಿಯಲ್ಲಿ.
ಆಗ ಟೆಂಟು ಹಾಕುತ್ತಿದ್ದ ಬಯಲು ಈಗ ಹಿನ್ನೀರಿನಡಿ.
“ಈಗ ಮೀನ ನೋಡ್ತಾವ್ರಿ ನಮ್ಮ ನಾಟಕ” ಎಂದರು.
“ಏನ್ ಜಡ್ಡು ಅನ್ನೂದು ಹೇಳ್ರಿ, ಬಿದ್ದು ತೋರಸ್ತೀನಿ.”

ಎಳ್ಳ ಅಮಾಸಿಯ ಮುಂದಿನ ವಾರ ಐನೋ ಬಂದಳು,
ಅದಲು ಬದಲಿನ ಲೆಕ್ಕದಲ್ಲಿ ಅವಳ ನಾಲ್ಕು ವಾರಕ್ಕೆ.
ಕೊನೆಯ ಬೆಂಚು, ಮೊಣಕಾಲ ಮೇಲೆ ನೋಟುಬುಕ್ಕು.
ಇಮಾಮಹುಸೇನ ಬಾಗವಾನ, ಫೈನಲ್ ಇಯರ್,
ಗಂಟು, ಪರೀಕ್ಷೆ, ಕ್ಯಾನ್ಸರ್ ಎಂಬುದನ್ನೆಲ್ಲ ಸರಿಯಾಗಿ ಹೇಳಿ
ಮೇಜಿನಡಿ ಬೆರಳು ಮಡಚುತ್ತ ಎಣಿಸತೊಡಗಿದ.
ಏಳಕ್ಕೆ ತಾರಾಬಾಯಿ ಅಂದರು:
“ಉಂಡಿಯೇನ ನನ್ನಪ್ಪಾ? ಮಾರಿ ಬಾಡೈತಲ್ಲ.”

ತರಗತಿ ನಕ್ಕಿತು.
ಅಂಕದ ಹಾಳೆಯಲ್ಲಿ ಹದಿನಾಲ್ಕು ಚೌಕ,
ಇದಕ್ಕೊಂದೂ ಇರಲಿಲ್ಲ.
ಅವರು ನಗಲಿಲ್ಲ. ಸೆರಗು ತಲೆಗೆಳೆದುಕೊಂಡರು, ಪಾತ್ರದ ಒಳಗೋ ಹೊರಗೋ:

“ನಮ್ಮ ಮನಿಯವರಿಗೆ ಯಾರೂ ಹಿಂಗ ಎದುರಿಗೆ ಕುಂತು ಹೇಳಲಿಲ್ರಿ.
ಪೇಟಿ ಬಾರಸ್ತಿದ್ರು. ನನ್ನ ಹೊರಗ ಕರದು ಹೇಳಿದ್ರು.
ಆರ್ ತಿಂಗಳ ನಾ ಏನೂ ಗೊತ್ತಿಲ್ಲದಾಕಿ ಪಾತ್ರ ಮಾಡಿದೆ,
ಅವರು ಗೊತ್ತಿಲ್ಲದಾವ್ರ ಪಾತ್ರ.
ಇಬ್ಬರೂ ಒಂದ್ ಮಾತು ತಪ್ಪಲಿಲ್ಲ.
ಇಂಥಾ ನಾಟಕಕ್ಕ ಚಪ್ಪಾಳಿ ಯಾರ್ ಹೊಡೀಬೇಕ್ರಿ?”

ಫ್ಯಾನು. ಅದರ ಒಂದು ರೆಕ್ಕೆಯ ಕಿರಕಿರ.
ಹತ್ತು ಎಣಿಸಿದೆ. ಆಮೇಲೆ ಎಣಿಸುವುದು ಬಿಟ್ಟೆ.
ಇಮಾಮಹುಸೇನ ಸ್ಟೂಲು ಮುಂದೆಳೆದು ಅವರ ಮೊಣಕಾಲಿನ ಹತ್ತಿರ ಕೂತ.
ಯಾರೂ ಕಲಿಸಿರಲಿಲ್ಲ.

ಏನಂದರು, ಏನಂದರು ಎಂದಳು ಐನೋ ಕಾರಿಡಾರಿನಲ್ಲಿ.
ಹೇಳಲು ಹೋಗಿ ‘ಪಾತ್ರ’ಕ್ಕೆ ಸಿಕ್ಕಿಬಿದ್ದೆ.
ಬಣ್ಣ ಹಚ್ಚಿ ಆಡುವುದೂ ಪಾತ್ರ,
ಹೊಳೆ ಹರಿಯುವ ತಗ್ಗೂ ಪಾತ್ರ.
ಹಾಗಾದರೆ, ಎಂದಳು, ನೀರು ಬಂದಮೇಲೆ ಎರಡೂ ಕಾಣುವುದಿಲ್ಲ.
‘ಉಂಡಿಯೇನ’ ಎಂಬುದನ್ನು ತನ್ನ ಲಿಪಿಯಲ್ಲಿ ಅಂಗೈ ಮೇಲೆ ಬರೆದುಕೊಂಡಳು.
ಸಂಜೆಯ ಗಾಡಿ ಹೊರಟಾಗಲೂ ಕಿಟಕಿಯಲ್ಲಿ ತಪ್ಪುತಪ್ಪಾಗಿ ಅನ್ನುತ್ತಿದ್ದಳು.

ಫೆಲೋಶಿಪ್ಪಿನವರ ಫಾರಂ ಇನ್ನೂ ನನ್ನ ಮೇಜಿನ ಮೇಲಿದೆ:
ಕಲಿತದ್ದೇನು, ಐವತ್ತು ಪದ ಮೀರದಂತೆ.
ಮುನ್ನೂರು ರೂಪಾಯಿಯ ವೋಚರಿಗೆ ಸಹಿ ಹಾಕುತ್ತ
ತಾರಾಬಾಯಿ ಕನ್ನಡಕದ ಮೇಲಿಂದ ನೋಡಿದರು:
“ಮುಂದಿನ ಸಲ ಸಾಯೂ ಸೀನ್ ಇದ್ರ ಮೊದಲ ಹೇಳ್ರಿ ಮೇಡಂ,
ಅದರ ರೇಟ್ ಬ್ಯಾರೆ.”