ಲೈನ್ ಕ್ಲಿಯರ್

ಮೇ ತಿಂಗಳ ಶಹಾಬಜಾರ್. ರಾತ್ರಿ ಒಂದೂವರಿ.
ಮಾಳಗಿ ಮ್ಯಾಲಿನ ಪರಸಿಗೆ ಎರಡು ಕೊಡ ನೀರು ಸುರುವೀನಿ,
ಕಾವು ಇನ್ನೂ ಆರಿಲ್ಲ.
ಅಪ್ಪನ ಹೊರಸು ಆ ಕಡಿ, ನನ್ನ ಲ್ಯಾಪ್‌ಟಾಪು ಈ ಕಡಿ,
ನಡುವ ಒಂದು ತಂಬಿಗಿ.

ಮೂರು ಮಷೀನು.
ಹೈದರಾಬಾದಿನ ಯಾವುದೋ ತಣ್ಣನ ಕೋಣ್ಯಾಗ ಅವ ಅಂತಾರ, ನಾ ಕಂಡಿಲ್ಲ.
ಒಂದ್ರಾಗ ಬರೆದದ್ದು ಉಳಿದೆರಡರಾಗೂ ಮೂಡತದ;
ಇಬ್ಬರು ಹೌದಂದ್ರ ಮಾತ್ರ ಅದು ಬರೆದಂಗ.
ಒಬ್ಬನೇ ಉಳಿದ್ರ ಬಾಯಿ ಮುಚ್ಚಿ ಕೂಡತಾನ,
ಸುಳ್ಳು ಹೇಳೋದಕ್ಕಿಂತ ಸುಮ್ಮನಿರೋದು ಚಲೋ ಅಂತ
ಅವಗ ಕಲಿಸ್ಯಾರ.

ರಕ್ತದ ಲೆಕ್ಕ ಅದು.
ಯಾವ ದವಾಖಾನ್ಯಾಗ ಯಾವ ಗುಂಪಿನ ಬಾಟಲಿ ಎಷ್ಟು,
ಯಾವ ತಾರೀಖಿಗೆ ಕೆಡತದ.
ಆಳಂದ ಕೇಳತದ, ಚಿತ್ತಾಪುರ ಕೇಳತದ,
ಜೇವರ್ಗಿಗೆ ನಿದ್ದಿ ಅನ್ನೋದೇ ಇಲ್ಲ.
ಮಷೀನಿನ ಒಳಗ ಎಲ್ಲೋ ತೂತು ಬಿದ್ದದ, ತ್ಯಾಪಿ ಬಂದದ.
ಹಚ್ಚಬೇಕಂದ್ರ ಮಷೀನು ಒಮ್ಮಿ ಸತ್ತು ಏಳಬೇಕು.
ಲೆಕ್ಕ ಮಾತ್ರ ನಿಲ್ಲಬಾರದು.

"ಏನ್ ಮಾಡ್ಲತ್ತಿ ಮಹಾನಂದಾ?" ಅಪ್ಪ ಮಗ್ಗಲು ತಿರುವಿದ.
ಒಂದನ್ನ ಬಂದ್ ಮಾಡ್ತೀನಪ್ಪಾ.
"ಲೋಡು?"
ಬಾಕಿ ಎರಡಕ್ಕ ಹಾಕೀನಿ.
"ಲೈನ್ ಕ್ಲಿಯರ್?"

ಇಪ್ಪತ್ತೆಂಟು ವರ್ಷ ಕಂಬ ಹತ್ತಿದಂವ.
ಬಲಗೈ ಮೊಳಕೈ ತನಕ ಅದ.
ಅವತ್ತೂ ಲೈನ್ ಕ್ಲಿಯರ್ ತಗೊಂಡೇ ಹತ್ತಿದ್ದ;
ರಿಜಿಸ್ಟರಿನಾಗ ಬರೆದದ್ದು ೬, ಕಂಡದ್ದು ೯.
ಆಪರೇಟರ್ ಬಂಡಯ್ಯ ಬಂದ್ ಮಾಡಿದ ಫೀಡರು ಬ್ಯಾರೆ.
"ಬಂಡಯ್ಯಂದು ತಪ್ಪಿಲ್ಲ, ಆ ಬಲ್ಬಿನ ಬೆಳಕಿನ್ಯಾಗ
ನಾನಾದ್ರೂ ಹಂಗೇ ಓದ್ತಿದ್ದೆ" ಅಂತಾನ ಈಗಲೂ.
ಸುಗ್ಗಿಗೊಮ್ಮಿ ಬಂಡಯ್ಯ ಒಂದು ಚೀಲ ತೊಗರಿ ಕಳಿಸ್ತಾನ.
ಎದುರಿಗೆ ಬರಂಗಿಲ್ಲ.

ಮೊದಲ ಮಷೀನು ಮಲಗಿತು, ಎದ್ದಿತು,
ತಾ ಇಲ್ದಾಗ ಬಂದ ಸಾಲುಗಳನ್ನ ಗಬಗಬ ತಿಂದು
ಉಳಿದವರ ಸಮ ಬಂತು. ಏಳು ನಿಮಿಷ.
"ಹಸಿರಾಯ್ತು ನೋಡ್ರಿ" ಅಂದಳು ಫೋನಿನಾಗ ಬೀದರಿನ ತಹಸೀನ್.

ಎರಡನೇದು ಏಳಲಿಲ್ಲ.
ಏಳು ನಿಮಿಷ. ಎಂಟು.
ಪರದೆ ಮ್ಯಾಲ ಒಂದು ಗೆರಿ ಮಿಣಕ್ ಮಿಣಕ್ ಅಂತದ, ಅಷ್ಟೇ.
ತಹಸೀನ್ ಉಸಿರು ಕೇಳ್ತದ.
ಅಷ್ಟರಾಗ ಸೇಡಮಿನಿಂದ ಒಂದು ಹುಡುಕಾಟ:
ಓ ನೆಗೆಟಿವ್, ಎರಡು ಬಾಟಲಿ, ತುರ್ತು.
ಅರ್ಧ ಸೆಕೆಂಡಿನಾಗ ಉತ್ತರ ಹೋಯ್ತು.
ಕೇಳಿದವರಿಗೆ ಗೊತ್ತಿಲ್ಲ, ಇಲ್ಲಿ ಒಂದು ಕಂಬ ಇಲ್ಲ ಅಂತ.
ನನಗೂ ಗೊತ್ತಿಲ್ಲ, ಅಲ್ಲಿ ಮಲಗಿದವರು ಯಾರು,
ಬಾಣಂತಿಯೋ, ಲಾರಿಗೆ ಸಿಕ್ಕಾಂವೋ.

ಆಗೇ ಕರೆಂಟು ಹೋಯ್ತು. ಓಣಿ ಪೂರಾ.
ಆಚಿ ಮಾಳಗಿಯಿಂದ ಒಂದು ಬೈಗುಳ, ಬೆನ್ನಿಗೇ ಕೂಸಿನ ಅಳು.
ನನ್ನ ಲ್ಯಾಪ್‌ಟಾಪು ಬ್ಯಾಟರಿ ಮ್ಯಾಲ ನಿಂತದ,
ಫೋನಿನ ಸಿಗ್ನಲ್ಲು ಎರಡು ಕಡ್ಡಿ.
ಅಪ್ಪ ಕತ್ತಲದಾಗ ಎದ್ದು ಕುಂತು ಕೂಗಿದ:
"ಬೈಬ್ಯಾಡ್ರೋ. ಯಾಂವೋ ಕಂಬದ ಮ್ಯಾಲ ಅದಾನ."

ಹದಿನಾಲ್ಕನೇ ನಿಮಿಷಕ್ಕ ಎರಡನೇದು ಕಣ್ಣು ಬಿಡ್ತು.
ಯಾಕ ತಡ ಆಯ್ತು, ತಿಳೀಲಿಲ್ಲ. ನಾಳಿ ಲಾಗ್ ಓದಬೇಕು.

ಉಳಿದದ್ದು ಹಿರ್ಯಾ.
ಅವನ ಹಿರಿತನ ಬಿಡಿಸಿ ಮೊದಲನೇದಕ್ಕ ಕೊಟ್ಟೆ;
ಒಂದು ಗುಕ್ಕು ನೀರು ನುಂಗೋದ್ರಾಗ ಮುಗೀತು.
ಈಗ ಬಂದ್ ಮಾಡಬೇಕಾದಂವನ ಹೆಸರು ಟೈಪ್ ಮಾಡೀನಿ,
ಹೆಸರಿನ ಕಡೀಕ ಒಂದು ಅಂಕಿ.
ಹೊಸಾ ಹಿರ್ಯಾನ ಹೆಸರಿನ ಕಡೀಕ ಒಂಬತ್ತು.

"ಗಟ್ಟಿಯಾಗಿ ಓದು" ಅಂದ ಅಪ್ಪ.
ಆರು, ಅಂದೆ.
ಆರು, ಅಂದಳು ಬೀದರಿನಿಂದ ತಹಸೀನ್.
ಆರು, ಅಂದ ಅಪ್ಪ, ತನ್ನಷ್ಟಕ್ಕ,
ಹೊರಸಿನ ಮ್ಯಾಲ, ಕತ್ತಲದಾಗ.