ಓದಿಸಿ ಕೇಳಿದ್ದೇನೆ, ಸರಿ ಇದೆ

ಮಲ್ಪೆ ಠಾಣೆಯಲ್ಲಿ ನಾನು ರೈಟರ್,
ಊರು ಇಳಕಲ್ ಕಡೆ.
ಆರು ವರ್ಷದಲ್ಲಿ ಕಲಿತ ತುಳು ಒಂದು ಬೊಗಸೆಯಷ್ಟು:
ಬಲೆ, ಕುಲ್ಲು, ದಾನೆ, ಇಜ್ಜಿ, ಅಂದ್.

ಅಂದ್ ಎಂದರೆ ಹೌದು.
ಲೋಕು ಪುತ್ರನ್‌ನ ಬಾಯಲ್ಲಿ ಇದ್ದದ್ದು ಅದೊಂದೇ.
ದಕ್ಕೆಯಲ್ಲಿ ಐಸ್ ಹೊರುವವ,
ಆಧಾರಿನಲ್ಲಿ ಇಪ್ಪತ್ತಾರು,
ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ.

ನಾಡದೋಣಿಯ ಎಂಜಿನ್ ನೀನೇ ಬಿಚ್ಚಿದ್ದಾ? ಅಂದ್.
ಒಬ್ಬನೇ? ಅಂದ್.
ಜೊತೆಗೆ ಯಾರಾದರೂ ಇದ್ದರಾ? ಅಂದ್.
ಎಸ್ಸೈ ಸಾಹೇಬರಿಗೆ ತಮಾಷೆ ಹತ್ತಿತು:
ಕಾಪುವಿನ ಲೈಟ್‌ಹೌಸ್ ಕದ್ದವನೂ ನೀನೇನಾ?
ಅಂದ್.
ಠಾಣೆಗೆ ಠಾಣೆಯೇ ನಕ್ಕಿತು.
ನಮ್ಮನ್ನು ನೋಡಿ ಅವನೂ ನಕ್ಕ,
ಎಲ್ಲರಿಗಿಂತ ತುಸು ತಡವಾಗಿ.

ಲೈಟ್‌ಹೌಸ್ ಬಿಟ್ಟು ಉಳಿದದ್ದೆಲ್ಲ ಬರೆದೆ,
ಅವನು ಜನ್ಮದಲ್ಲಿ ಆಡದ ಮಾತುಗಳಲ್ಲಿ:
ದುರುದ್ದೇಶದಿಂದ ಸದರಿ ಸ್ಥಳಕ್ಕೆ ತೆರಳಿ...
ಮೇಲೆ ಅಡಿಗೆರೆ ಎಳೆದು, ಸ್ವ-ಇಚ್ಛಾ ಹೇಳಿಕೆ.
ಕೆಳಗೆ, ಓದಿಸಿ ಕೇಳಿದ್ದೇನೆ, ಸರಿ ಇದೆ.
ಓದಿದ್ದೆನಾ? ಓದಿದ್ದೆ,
ಕನ್ನಡದಲ್ಲಿ, ಫ್ಯಾನಿನ ಕಡೆ ಮುಖ ಮಾಡಿಕೊಂಡು.
ಹೆಬ್ಬೆಟ್ಟೊತ್ತಿ, ಮಸಿಯನ್ನು
ತಲೆಗೂದಲಿಗೆ ಒರೆಸಿಕೊಂಡ,
ನನ್ನ ಮೇಜು ಕೊಳೆಯಾಗದಂತೆ.

ಉಡುಪಿ ಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರು ಕೇಳಿದರು:
ಪೊಲೀಸರು ಹೊಡೆದರಾ? ಅಂದ್.
ನನ್ನ ಎದೆ ಧಸಕ್ಕೆಂದಿತು. ಯಾರೂ ಬೆರಳು ಮುಟ್ಟಿಸಿರಲಿಲ್ಲ.
ಹೊಡೆಯಲಿಲ್ಲ, ಅಲ್ಲವಾ? ಅಂದ್.
ಪೆನ್ನು ನಿಲ್ಲಿಸಿ ಅವನನ್ನೇ ನೋಡಿದರು
ಒಂದು ಗಳಿಗೆ.
ಆ ದಿನ ನಲವತ್ತೆಂಟು ಕೇಸು.

ಹೊರಗೆ ಜಗಲಿಯಲ್ಲಿ ಅವನ ದೊಡ್ಡಮ್ಮ ಅಪ್ಪಿಯಕ್ಕ,
ಖಾಲಿ ಮೀನಿನ ಬುಟ್ಟಿ ಕಾಲ ಬಳಿ:
"ಸರ್ಟಿಫಿಕೇಟೆಲ್ಲ ಮಾಡಿಸಿಲ್ಲ ಸಾರ್.
ಒಣಸ್ ಆಂಡಾ ಅಂತ ಕೇಳಿ ನೋಡಿ,
ಎರಡು ದಿನ ಉಪವಾಸ ಇದ್ರೂ ಅಂದ್ ಅಂತ್ಲೇ ಹೇಳುದು.
ಕೇಳಿದವ್ರಿಗೆ ಬೇಜಾರಾಗ್ಬಾರ್ದು, ಅಷ್ಟೇ ಅವನಿಗೆ."
ಪೆನ್ನು ನನ್ನ ಜೇಬಿನಲ್ಲಿತ್ತು.
ಜೇಬಿನಲ್ಲೇ ಇತ್ತು.

ಜಾಮೀನಿಗೆ ಆರ್‌ಟಿಸಿ ಇರುವವರು ಸಿಗಲಿಲ್ಲ.
ಹಿರಿಯಡ್ಕ ಜೈಲಿನಲ್ಲಿ ಹನ್ನೊಂದು ತಿಂಗಳು.
ಎಂಜಿನ್ ಸಿಕ್ಕಿದ್ದು ಗಂಗೊಳ್ಳಿಯಲ್ಲಿ,
ದೋಣಿ ಧಣಿಯ ಭಾವನ ಶೆಡ್ಡಿನಲ್ಲಿ.

ಮೊನ್ನೆ ದಕ್ಕೆಯಲ್ಲಿ ಕಂಡ.
ತಲೆ ಮೇಲೆ ಐಸಿನ ಕ್ರೇಟು,
ಕುತ್ತಿಗೆಗುಂಟ ನೀರು.
ನನ್ನ ಗುರುತು ಹತ್ತಿತಾ ಲೋಕು? ಅಂದ್.
ನನ್ನ ಮೇಲೆ ಸಿಟ್ಟಿದೆಯಾ?
ಅಂದ್.

ತಿರುಗಿಸಿ ಕೇಳಬಹುದಿತ್ತು, ಸಿಟ್ಟಿಲ್ಲ ಅಲ್ಲವಾ ಎಂದು.
ಕೇಳಲಿಲ್ಲ.
ಐಸ್ ಕರಗುತ್ತಿತ್ತು,
ಅವನಿಗೆ ಕೆಲಸವಿತ್ತು.