ಹನ್ನೆರಡು ಕಡಿಮೆ

ನಾಳೆ ಗಣಿತ ಪರೀಕ್ಷೆ.
ಸಿಯಾಲ್‌ಕೋಟ್‌ನ ಹೊರಗೆ, ನಾಲೆಯಾಚೆಯ ನಮ್ಮ ಓಣಿಯಲ್ಲಿ
ಕರೆಂಟು ಹೋಗಿ ಗಂಟೆಯಾಯಿತು.
ಅಮ್ಮೀ ಹೊಸ್ತಿಲಲ್ಲಿ ಕೂತಿದ್ದಾಳೆ,
ಮಂಡಿಗಳ ನಡುವೆ ಮರದ ಇಕ್ಕಳ,
ಮೇಣದ ದಾರದ ಎರಡು ತುದಿಗೆ ಎರಡು ಸೂಜಿ.
ಒಂದು ಹೋದ ತೂತಿಗೇ ಇನ್ನೊಂದು ಎದುರು ಬರುತ್ತದೆ,
ಮಾತು ಬಿಟ್ಟ ವಾರಗಿತ್ತಿಯರ ಹಾಗೆ.

ಅವಳ ಬುಟ್ಟಿಯಿಂದ ಕಪ್ಪು ತುಂಡೊಂದನ್ನು ಎತ್ತಿಕೊಂಡೆ.
ಐದು ಮೂಲೆ. ಒಂದರಲ್ಲಿ ನಿಂತು
ಎದುರಿನವೆರಡಕ್ಕೆ ಸೀಮೆಸುಣ್ಣದ ಗೆರೆ:
ಮೂರು ತ್ರಿಭುಜ.
ಮೂರು ಸಲ ನೂರ ಎಂಬತ್ತು, ಐವರಿಗೆ ಹಂಚು,
ಮೂಲೆಗೆ ನೂರ ಎಂಟು.
ಬಿಳಿಯದಕ್ಕೆ ಆರು ಮೂಲೆ, ನಾಲ್ಕು ತ್ರಿಭುಜ,
ಮೂಲೆಗೆ ನೂರ ಇಪ್ಪತ್ತು.

ಬಾಹುಗಳಲ್ಲಿ ಎರಡು ಕಳೆ, ಉಳಿದಷ್ಟು ತ್ರಿಭುಜ
ಅನ್ನುತ್ತಾರೆ ಮಿಸ್ ಶಗುಫ್ತಾ.
ಯಾವ ಎರಡು, ಅಂತ ಕೇಳಿದ್ದೆ.
ನೀನು ಒರಗಿ ನಿಂತ ಎರಡು ಗೋಡೆ, ಅಂದರು.
ಎದುರಿನ ಒಂದೊಂದಕ್ಕೂ ಒಂದೊಂದು ತ್ರಿಭುಜ.
ಒರಗಿದ್ದಕ್ಕೆ ಏನು ಸಿಗುತ್ತೆ, ಮುನೀಬಾ?

ಒಂದು ಕಪ್ಪು, ಎರಡು ಬಿಳಿ,
ನೆಲದ ಮೇಲೆ ಮೂಗಿಗೆ ಮೂಗು ತಾಗಿಸಿ ಇಟ್ಟೆ.
ಮುನ್ನೂರ ನಲವತ್ತೆಂಟು.
ಸುತ್ತು ಮುಗಿಯಲು ಹನ್ನೆರಡು ಕಡಿಮೆ.
ಸಂದಿಯಲ್ಲಿ ನೆಲ ಕಾಣುತ್ತಿತ್ತು,
ಇರುವೆಯೊಂದು ಹೊಕ್ಕು ಹೊರಬಂತು.

"ಅಮ್ಮೀ, ಕಾರ್ಖಾನೆಯವರು ತಪ್ಪು ಕತ್ತರಿಸಿದ್ದಾರೆ,
ಹನ್ನೆರಡು ಡಿಗ್ರಿ ಮೋಸ."

ಮೋಸ ಅಂದರೆ ಅವಳಿಗೆ ಗೊತ್ತು.
ಎರಡು ಚೆಂಡಿನ ಕೂಲಿ ಹಿಡಿದ ಮೇಸ್ತ್ರಿಯ ಜನ್ಮವನ್ನು
ಹೋದ ತಿಂಗಳು ಓಣಿಯಲ್ಲೇ ಜಾಲಾಡಿದವಳು.
ತುಂಡುಗಳನ್ನು ಕೈಗೆ ತೆಗೆದುಕೊಂಡು ನೋಡಿದಳು.
ಹೊಲಿದಳು. ದಾರ ಜಗ್ಗಿದಳು.
ಸಂದಿ ಮುಚ್ಚಿತು, ಮುಚ್ಚಿದ್ದೇ
ಚಪ್ಪಟೆ ಮಲಗಿದ್ದ ಮೂರೂ
ಮೊಣಕೈ ಊರಿ ಎದ್ದು ಕೂತವು,
ನಡುವೆ ಒಂದು ಹಿಡಿ ಗುಳಿ.

"ಪೂರ್ತಿ ಇದ್ದಿದ್ದರೆ ಜಮಖಾನ ಆಗ್ತಿತ್ತು," ಅಂದಳು,
"ಅದನ್ನ ಒದೆಯೋಕೆ ಯಾರು ಬರ್ತಾರೆ?"

ರಾತ್ರಿ ನಿದ್ದೆ ಬರದೆ ಲೆಕ್ಕ ಹಾಕಿದೆ:
ಕಪ್ಪು ಹನ್ನೆರಡು, ಐದೈದು ಮೂಲೆ, ಅರವತ್ತು ಸಂದಿ,
ಅರವತ್ತು ಸಲ ಹನ್ನೆರಡು
ಏಳುನೂರ ಇಪ್ಪತ್ತು.
ಒಂದು ಬಿಳಿ ತುಂಡಿನ ಮೂಲೆಗಳನ್ನು ಕೂಡಿದಷ್ಟೇ!
ಯಾಕೋ ತಿಳಿಯಲಿಲ್ಲ. ಪರೀಕ್ಷೆಗೆ ಬರುವುದೂ ಇಲ್ಲ.

ಬೆಳಿಗ್ಗೆ ಕೋನಮಾಪಕವನ್ನು ಡಬ್ಬಿಗೆ ಹಾಕುವ ಮುಂಚೆ
ಅವಳ ತೋರುಬೆರಳ ಗೆಣ್ಣಿಗೆ ಹಿಡಿದೆ.
ಎಷ್ಟು ಚಾಚಿದರೂ ನೂರ ಅರವತ್ತೈದು ದಾಟಲಿಲ್ಲ.
"ಇದೂ ಕಡಿಮೆಯಾ?" ಅಂದಳು.
ಕೈ ಎಳೆದುಕೊಂಡು ಬುಟ್ಟಿಯಲ್ಲಿ
ಇನ್ನೊಂದು ಕಪ್ಪು ಹುಡುಕಿದಳು.